ಹೊಟ್ಟೆಯೊಳಗಿನ ನಾಲೆ: ಮಂಡ್ಯದಲ್ಲಿ ನನ್ನ ಹಿಪ್ನೋಥೆರಪಿ ಅನುಭವ

ಐಬಿಎಸ್‌ನಿಂದ (ಪದೇ ಪದೇ ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆ ತರುವ ಕರುಳಿನ ತೊಂದರೆಯಿಂದ) ಬಳಲುವವರಿಗೆ ಸಂಮೋಹನ ಚಿಕಿತ್ಸೆಯನ್ನು ಕನ್ನಡದಲ್ಲಿ, ಅದೂ ಮಂಡ್ಯದಂಥ ಊರಿನಲ್ಲಿ ಮಾಡಲಾಗದೆಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಬೆಂಗಳೂರಿನಲ್ಲಿ ಜೊತೆಗೆ ತರಬೇತಿ ಪಡೆದವರು, ಜನ ಇದನ್ನು ವಶೀಕರಣವೆಂದು ತಿಳಿದು ಓಡಿಹೋಗುತ್ತಾರೆ ಎಂದರು. ನಮ್ಮೂರಿನ ಹಿರಿಯ ವೈದ್ಯರೊಬ್ಬರು, "ಹೊಟ್ಟೆನೋವಿಗೆ ಕಥೆ ಹೇಳುತ್ತೀರಾ ಮೇಡಂ?" ಎಂದು ನಕ್ಕರು. ಅದೇ ವೈದ್ಯರು ಈಗ ತಿಂಗಳಿಗೆ ಒಬ್ಬರನ್ನೋ ಇಬ್ಬರನ್ನೋ ಚೀಟಿ ಬರೆದು ನನ್ನ ಬಳಿ ಕಳಿಸುತ್ತಿರುವುದರಿಂದ, ನಡೆದದ್ದನ್ನು ಬರೆದಿಡುವ ಧೈರ್ಯ ಬಂದಿದೆ.

ಮೊದಲು ಕಳೆದುಕೊಂಡ ಹಣದ ಲೆಕ್ಕ. ತರಬೇತಿಗೆ ಸುಮಾರು 45,000 ರೂಪಾಯಿ, ಹಿಂದಕ್ಕೆ ಒರಗುವ ಹಳೆಯ ಕುರ್ಚಿಗೆ 14,000, ನೂರಡಿ ರಸ್ತೆಯಲ್ಲಿ ಅಂಗಡಿಯೊಂದರ ಮೇಲಿನ ಕೋಣೆಗೆ ತಿಂಗಳಿಗೆ 6,500 ಬಾಡಿಗೆ. ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಾಕಿಕೊಂಡು ಆ ರಸ್ತೆಯಲ್ಲೇ ಹೋಗುತ್ತವೆಂಬುದು, ಮುಂಗಡ ಕೊಟ್ಟಾದ ಮೇಲೆ ತಿಳಿಯಿತು. ಮೊದಲ ವರ್ಷ ಕೈಯಿಂದ ಹೋದದ್ದು ಒಂದು ಲಕ್ಷಕ್ಕಿಂತ ಕಡಿಮೆಯಿಲ್ಲ. ಜನರನ್ನು ಸೆಳೆಯಲು ಮೂರು ತಿಂಗಳು ಉಚಿತವಾಗಿ ಮಾಡಿದೆ. ಪುಕ್ಕಟೆ ಬಂದವರಲ್ಲಿ ಮೂರನೆಯ ಸಲ ಮುಖ ತೋರಿಸಿದವರು ಇಬ್ಬರೋ ಮೂವರೋ.

ಅವರು ಬಾರದಿರಲು ಹಣವೊಂದೇ ಕಾರಣವಾಗಿರಲಿಲ್ಲ. ನಾನು ಓದುತ್ತಿದ್ದ ಸ್ಕ್ರಿಪ್ಟ್ ಇಂಗ್ಲಿಷಿನಿಂದ ಎತ್ತಿ ತಂದದ್ದಾಗಿತ್ತು. "ನೀವೀಗ ಪ್ರಶಾಂತವಾದ ಕಡಲತೀರದಲ್ಲಿದ್ದೀರಿ" ಎಂದರೆ, ಸಮುದ್ರವನ್ನೇ ಕಾಣದ ಕೆರಗೋಡಿನ ಹೆಂಗಸು ಕಣ್ಣು ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಕಲ್ಪನೆಯಲ್ಲಿ ಹತ್ತು ಮೆಟ್ಟಿಲು ಇಳಿಸುವ ಹಳೆಯ ಪದ್ಧತಿಯನ್ನು ಮಂಡಿನೋವಿನ ಹಿರಿಯರೊಬ್ಬರ ಮೇಲೆ ಪ್ರಯೋಗಿಸಿದಾಗ, ಆರನೆಯ ಮೆಟ್ಟಿಲಿನಲ್ಲಿ ಅವರು "ಸಾಕು ಕಣವ್ವ, ಕಾಲು ನೋಯ್ತದೆ" ಎಂದುಬಿಟ್ಟರು. ಎಲ್ಲಕ್ಕಿಂತ ಹೆಚ್ಚು ಕೆಡಿಸಿದ್ದು 'ನಿದ್ರೆ' ಎಂಬ ಮಾತು. ನಿದ್ರೆ ಬರುತ್ತದೆ ಎಂದು ಹೇಳಿದರೆ, ಎದ್ದ ಮೇಲೆ ಅವರು "ನನಗೆ ನಿದ್ದೆನೇ ಬರಲಿಲ್ಲ, ನೀವು ಹೇಳಿದ್ದೆಲ್ಲ ಕೇಳುಸ್ತಿತ್ತು" ಎಂದು ದೂರುತ್ತಿದ್ದರು. ಸಂಮೋಹನದಲ್ಲಿ ಎಲ್ಲವೂ ಕೇಳಿಸಬೇಕಾದದ್ದೇ ಎಂದು ಆಮೇಲೆ ವಿವರಿಸಿದರೆ ಯಾರೂ ನಂಬುವುದಿಲ್ಲ. ಈಗ ನಾನು ನಿದ್ರೆಯ ಹೆಸರನ್ನೇ ಎತ್ತುವುದಿಲ್ಲ. ಸಂಮೋಹನ ಎಂದೂ ಮೊದಲೇ ಹೇಳದೆ 'ಹೊಟ್ಟೆಗೆ ತರಬೇತಿ' ಎಂದು ಶುರುಮಾಡಿ, ಎರಡನೆಯ ಸಲಕ್ಕೆ ಹೆಸರು ತಿಳಿಸಿ ಒಪ್ಪಿಗೆ ಪಡೆಯುವುದು ಕೆಲಕಾಲ ನಡೆದಿತ್ತು; ಅದು ಸರಿಯಲ್ಲವೆನಿಸಿ, ಈಗ ಮೊದಲ ದಿನವೇ ಎರಡನ್ನೂ ಹೇಳುತ್ತೇನೆ.

ತಿರುವು ಬಂದದ್ದು ಮಂಡ್ಯದಿಂದ ಮೈಸೂರಿಗೆ ದಿನವೂ ರೈಲಿನಲ್ಲಿ ಓಡಾಡುವ ಶಿಕ್ಷಕಿಯೊಬ್ಬರಿಂದ. ಎಲಿಯೂರು, ಪಾಂಡವಪುರ, ಶ್ರೀರಂಗಪಟ್ಟಣ, ಎಲ್ಲಿ ಇಳಿದರೆ ಶೌಚಾಲಯ ಹತ್ತಿರ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ನಾಲ್ಕನೆಯ ಸೆಷನ್ನಿನಲ್ಲಿ ಅವರಾಗಿಯೇ "ನನ್ನ ಹೊಟ್ಟೆ ತೂಬು ಕಿತ್ತ ಕೆರೆಯಂತೆ ಮೇಡಂ" ಎಂದರು. 1984ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಮೂವತ್ತು ರೋಗಿಗಳ ಪ್ರಯೋಗ ಪ್ರಕಟಿಸಿದ, ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವೈದ್ಯ ವೋರ್ವೆಲ್ ಅವರ ತಂಡದ ಪದ್ಧತಿಯಲ್ಲಿ ಕರುಳನ್ನು ಹರಿಯುವ ನದಿಯಾಗಿ ಕಾಣಿಸುತ್ತಾರೆ. ನಾನೂ ಅದನ್ನೇ ಓದುತ್ತಿದ್ದೆ, ಆದರೆ ಆ ನದಿ ಯಾರದೋ ಆಗಿತ್ತು. ಆ ದಿನ ಹಾಳೆಯನ್ನು ಬದಿಗಿಟ್ಟು, ಆಕೆ ಬಾಲ್ಯದಲ್ಲಿ ಅಪ್ಪನ ಜೊತೆ ಲಾಟೀನು ಹಿಡಿದು ಗದ್ದೆಗೆ ನೀರು ಕಟ್ಟಲು ಹೋಗುತ್ತಿದ್ದ ವಿಶ್ವೇಶ್ವರಯ್ಯ ನಾಲೆಯ ಬದಿಗೇ ಕರೆದೊಯ್ದೆ. ಆರೇಳು ವಾರಗಳಲ್ಲಿ ಅವರು ನಡುವೆ ಇಳಿಯದೆ ಮೈಸೂರು ಮುಟ್ಟಿದರು.

ಅಲ್ಲಿಂದ ಈ ಕ್ರಮ ಗಟ್ಟಿಯಾಯಿತು. ವಾರಕ್ಕೊಂದರಂತೆ ಎಂಟರಿಂದ ಹತ್ತು ಸೆಷನ್, ಒಂದೊಂದೂ ಮುಕ್ಕಾಲು ಗಂಟೆ. ಮೊದಲೆರಡರಲ್ಲಿ ಅಂಗೈಯ ಬಿಸುಪು ಹೊಟ್ಟೆಗಿಳಿಯುವುದಷ್ಟೇ, ನಾಲೆಯ ಮಾತಿಲ್ಲ. ಮೂರನೆಯದರಿಂದ ರೋಗಿಯೇ ನೀರುಗಂಟಿ, ಅಂದರೆ ನಾಲೆಯ ನೀರು ಬಿಡುವ, ಕಟ್ಟುವ ಆಳು. ಭೇದಿಯವರು ತೂಬನ್ನು ಗೇಣು ಗೇಣಾಗಿ ಇಳಿಸುತ್ತಾರೆ; ಮಲಬದ್ಧತೆಯವರು ಹೂಳು ತೆಗೆಯುತ್ತಾರೆ, ಅವರಿಗೆ ತೂಬು ಎತ್ತಿಸಬಾರದು, ನಾನು ಎತ್ತಿಸಿ ಇಬ್ಬರಿಗೆ ಹೊಟ್ಟೆ ನುಲಿತ ಹೆಚ್ಚಾಗಿತ್ತು. ನೋವನ್ನು ಅಳೆಯಲು ಒಂದರಿಂದ ಹತ್ತರ ಅಂಕ ಇಲ್ಲಿ ನಡೆಯದು, "ಹದಿನಾರಾಣೆಯಲ್ಲಿ ಎಷ್ಟಾಣೆ?" ಎಂದರೆ ಅರವತ್ತು ದಾಟಿದವರು ತಟ್ಟನೆ ಹೇಳುತ್ತಾರೆ. ಮನೆಯಲ್ಲಿ ಕೇಳಲು ಇಪ್ಪತ್ತು ನಿಮಿಷದ ಧ್ವನಿಮುದ್ರಿಕೆಯನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ; ನಡುವೆ ಕರೆ ಬಂದರೆ ಅಷ್ಟೂ ವ್ಯರ್ಥವಾದ್ದರಿಂದ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕುವುದನ್ನು ಎದುರಿಗೇ ಮಾಡಿಸಿ ಕಲಿಸುತ್ತೇನೆ. ಐದನೆಯ ಸೆಷನ್ನಿನಲ್ಲಿ ತೂಬು ಮುಚ್ಚುವಾಗ ನಾನು ಹೇಳುವ ಒಂದು ವಾಕ್ಯವಿದೆ, ಅದನ್ನು ಇಲ್ಲಿ ಬರೆಯಲಾರೆ. ಅದಕ್ಕೆ ನಾನು ತೆತ್ತ ಬೆಲೆ ಮೇಲಿನ ಲೆಕ್ಕದಲ್ಲಿದೆ.

ಈ ನಾಲೆ ನನ್ನನ್ನೇ ಒಮ್ಮೆ ಮುಳುಗಿಸಿತು. 2023ರಲ್ಲಿ ಮುಂಗಾರು ಕೈಕೊಟ್ಟು ಕನ್ನಂಬಾಡಿ ಕಟ್ಟೆ ತುಂಬದೆ, ಕಾವೇರಿಗಾಗಿ ಊರಿನಲ್ಲಿ ಧರಣಿ ನಡೆಯುತ್ತಿದ್ದಾಗ, ರೈತರೊಬ್ಬರನ್ನು ಒರಗಿಸಿ ನಾಲೆಯಲ್ಲಿ ನೀರು ತಣ್ಣಗೆ ಹರಿಯುತ್ತಿದೆ ಎಂದೆ. ಮುಚ್ಚಿದ ಕಣ್ಣಲ್ಲೇ ಅವರು "ಎಲ್ಲಿ ಬಿಟ್ಟವ್ರೆ ನೀರ?" ಎಂದು ಗದರಿದರು. ಅಂದು ಅವರ ನೋವು ಎಂಟಾಣೆಯಿಂದ ಹನ್ನೆರಡಾಣೆಗೆ ಏರಿತು. ಮುಂದಿನ ವಾರದಿಂದ ಅವರ ಅಜ್ಜನ ಕಾಲದ ಕಲ್ಲುಬಾವಿಗೆ ಹೋದೆವು. ಈಗ ಮೊದಲ ದಿನವೇ ಯಾವ ನೀರು, ಯಾವ ವರ್ಷದ್ದು ಎಂದು ಕೇಳಿ ಬರೆದುಕೊಳ್ಳುತ್ತೇನೆ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿದ ತೂಕ, ರಕ್ತಹೀನತೆ, ಐವತ್ತರ ನಂತರ ಹೊಸದಾಗಿ ಶುರುವಾದ ತೊಂದರೆ, ಇವುಗಳಲ್ಲಿ ಒಂದಿದ್ದರೂ ವೈದ್ಯರ ಪರೀಕ್ಷೆ ಮುಗಿಯುವವರೆಗೆ ನಾನು ಮುಟ್ಟುವುದಿಲ್ಲ. ಪೂರ್ವಜನ್ಮ ತೋರಿಸಿ ಎಂದು ಬರುವವರನ್ನು ಬಾಗಿಲಲ್ಲೇ ಕಳಿಸುತ್ತೇನೆ. ಕೇಳಿದ ರೀತಿಗೆ ತಕ್ಕ ಸುಳ್ಳು ನೆನಪು ಹುಟ್ಟಿಕೊಳ್ಳುವುದನ್ನು ತರಬೇತಿಯಲ್ಲೇ ಕಂಡಿದ್ದೇನೆ. ಹೊಟ್ಟೆಯ ತೊಂದರೆಯಲ್ಲಿ ಗೆದ್ದ ಹುರುಪಿನಲ್ಲಿ ಬೀಡಿ ಮತ್ತು ಹೊಗೆಸೊಪ್ಪು ಬಿಡಿಸಲೂ ಕೈಹಾಕಿದ್ದೆ. ಹದಿನೈದು ಜನರಲ್ಲಿ ಆರು ತಿಂಗಳು ದೂರವಿದ್ದವರು ಮೂವರು, ಅವರಲ್ಲೂ ಒಬ್ಬರಿಗೆ ಎದೆನೋವಿನ ಭಯವೇ ಬಿಡಿಸಿತ್ತು. ಧೂಮಪಾನ ಬಿಡಿಸಲು ಸಂಮೋಹನ ಉಳಿದ ಮಾರ್ಗಗಳಿಗಿಂತ ಮೇಲೆನ್ನಲು ಪುರಾವೆ ಸಾಲದೆಂದು, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಸಂಸ್ಥೆ ಕಾಕ್ರೇನ್‌ನ 2019ರ ಪರಿಶೀಲನೆಯೂ ಹೇಳಿರುವುದರಿಂದ, ಅದಕ್ಕೆ ಹಣ ಪಡೆಯುವುದನ್ನು ನಿಲ್ಲಿಸಿದೆ. ಉಗುರು ಕಚ್ಚುವ ಮಕ್ಕಳು ಮಾತ್ರ ಬೇಗ ಒಲಿಯುತ್ತಾರೆ.

ಹೊಟ್ಟೆಯ ತೊಂದರೆಗೆ ಇಲ್ಲಿಯವರೆಗೆ ಬಂದವರು ಎಪ್ಪತ್ತರ ಸುಮಾರು, ಪೂರ್ತಿ ಮುಗಿಸಿದವರು ಐವತ್ತು, ನೋವು ಅರ್ಧಕ್ಕರ್ಧ ಇಳಿದವರು ಮೂವತ್ತೆರಡೋ ಮೂವತ್ತಮೂರೋ. ಸಾವಿರ ರೋಗಿಗಳಲ್ಲಿ ಶೇ. 76 ಮಂದಿಗೆ ಗುಣ ಕಂಡಿತೆಂದು ಮ್ಯಾಂಚೆಸ್ಟರಿನವರು 2015ರಲ್ಲಿ ಬರೆದರು. ಅವರ ಅಳತೆಗೋಲು ಬೇರೆ; ಆದರೂ ಒಂದೇ ಕೋಣೆಯಿಂದ ಇಷ್ಟಾದದ್ದು ಕಡಿಮೆಯೇನಲ್ಲ. ಈಗ ಸೆಷನ್ನಿಗೆ 500 ರೂಪಾಯಿ, ಅರ್ಧ ಮೊದಲೇ. ಮುಂಗಡ ಪಡೆಯತೊಡಗಿದ ಮೇಲೆ ನಡುವೆ ಬಿಡುವವರು ಮೊದಲಿದ್ದುದರ ಅರ್ಧಕ್ಕಿಂತ ಕಡಿಮೆಯಾದರು.

ಬರೀ ಹೊಟ್ಟೆಯುಬ್ಬರದವರು ಮಾತ್ರ ಇನ್ನೂ ನನ್ನ ನಾಲೆಗೆ ಬಗ್ಗಿಲ್ಲ. ಅವರಿಗಾಗಿ ಆಲೆಮನೆಯ ಕೊಪ್ಪರಿಗೆಯಲ್ಲಿ ಉಕ್ಕುವ ಕಬ್ಬಿನ ಹಾಲಿನ ನೊರೆಯನ್ನು ಮೆಲ್ಲಗೆ ತೆಗೆದು, ಉರಿ ತಗ್ಗಿಸುವ ಚಿತ್ರವೊಂದನ್ನು ಕಟ್ಟಿ ನೋಡುತ್ತಿದ್ದೇನೆ. ಇಬ್ಬರ ಮೇಲೆ ಮುಗಿದಿದೆ. ಒಬ್ಬರಿಗೆ ಉಬ್ಬರ ನಾಲ್ಕಾಣೆಗೆ ಇಳಿಯಿತು. ಇನ್ನೊಬ್ಬರು ಉಬ್ಬರ ಹಾಗೇ ಇದೆ, ಆದರೆ ಮನೆಗೆ ಹೋಗುವಾಗಲೆಲ್ಲ ಬಿಸಿಬೆಲ್ಲ ತಿನ್ನಬೇಕೆನಿಸುತ್ತದೆ ಎಂದರು.