ಕುಸ್ವಾರ್ ತಟ್ಟೆ ಮುಂದಿಟ್ಟುಕೊಂಡು ಇಂಗ್ಲಿಷ್ ಪಾಠ

ಡಿಸೆಂಬರ್ ಬಂತೆಂದರೆ ಇಂಗ್ಲಿಷ್ ಕಲಿಸುವವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಬಗೆಯ ಹಾಳೆಗಳು ಓಡಾಡತೊಡಗುತ್ತವೆ. ಸ್ನೋಮ್ಯಾನ್, ರೇನ್‌ಡಿಯರ್, ಸ್ಲೇ, ಚಿಮ್ನಿ, ಸ್ಟಾಕಿಂಗ್. ಎಡಕ್ಕೆ ಚಿತ್ರ, ಬಲಕ್ಕೆ ಪದ, ನಡುವೆ ಗೆರೆ ಎಳೆಯಬೇಕು. ಚಿಕ್ಕ ಮಕ್ಕಳಿಗೆ ಅದು ಸಾಕು. ನಾನು ಕಲಿಸುವುದು ಮಂಗಳೂರಿನ ಒಂದು ಸಂಜೆ ತರಗತಿಯಲ್ಲಿ. ಬರುವವರು ಬಿ.ಕಾಂ. ಕೊನೆಯ ವರ್ಷದವರು, ನರ್ಸಿಂಗ್ ಮುಗಿಸಿ ಐರ್ಲೆಂಡಿಗೋ ಗಲ್ಫಿಗೋ ಹೊರಟವರು, ಜವಳಿ ಅಂಗಡಿಯ ಕೌಂಟರಿನಲ್ಲಿ ಹಗಲೆಲ್ಲ ನಿಂತು ಬಂದವರು. ಇಂಗ್ಲಿಷ್ ಓದಿದರೆ ತಿಳಿಯುತ್ತದೆ, ಬರೆಯಲೂ ಬರುತ್ತದೆ, ಬಾಯಿ ಮಾತ್ರ ಏಳುವುದಿಲ್ಲ. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಭಾಷಾ ಮಟ್ಟಗಳ ಲೆಕ್ಕದಲ್ಲಿ ಇವರನ್ನು ಬಿ1 ಎನ್ನಬಹುದು. ತನ್ನ ಅನುಭವವನ್ನು ಸರಳ ವಾಕ್ಯಗಳಲ್ಲಿ ಜೋಡಿಸಿ ಹೇಳುವುದು, ತನ್ನ ಅಭಿಪ್ರಾಯಕ್ಕೆ ಚುಟುಕಾಗಿ ಕಾರಣ ಕೊಡುವುದು ಆ ಮಟ್ಟದ ಗುರುತು.

ಡಿಸೆಂಬರಿನಲ್ಲೂ ಹಗಲು 30 ಡಿಗ್ರಿ ದಾಟುವ ಊರಿನಲ್ಲಿ ಕುಳಿತು ಸ್ಲೇ ಎಂಬ ಹಿಮದ ಮೇಲಿನ ಗಾಡಿಯ ಬಗ್ಗೆ ಏನಂತ ಅನುಭವ ಹೇಳುತ್ತಾರೆ? ಪಟ್ಟಿ ಕೊಟ್ಟರೆ ಬಾಯಿಪಾಠ ಮಾಡುತ್ತಾರೆ, ಕೇಳಿದರೆ ಒಪ್ಪಿಸುತ್ತಾರೆ, ಅಲ್ಲಿಗೆ ಮುಗಿಯಿತು. ಒಂದೇ ಗುಂಪಿನ ಹೊಸ ಪದಗಳನ್ನು ಒಟ್ಟಿಗೆ ಸುರಿದರೆ ಅವು ಒಂದರೊಡನೊಂದು ಕಲೆಸಿಕೊಂಡು ಕಲಿಕೆ ನಿಧಾನವಾಗುತ್ತದೆ ಎಂದು ಥಾಮಸ್ ಟಿಂಕಮ್ ಎಂಬ ಸಂಶೋಧಕರು 1990ರ ದಶಕದಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಒಂದು ಘಟನೆಯ ಸುತ್ತ ಕೂಡಿಬರುವ ಪದಗಳಿಗೆ ಆ ತೊಂದರೆ ಇಲ್ಲ ಎಂಬುದೂ ಅವರದೇ ಫಲಿತಾಂಶ. ಬೆಲ್, ಬಾಲ್, ಬೋ, ರಿಬ್ಬನ್ ಎಂಬ ಪಟ್ಟಿಯನ್ನು ನಾನು ಕೈಬಿಟ್ಟಿದ್ದು ಇದಕ್ಕೇ. ಕ್ರಿಸ್‌ಮಸ್ ಹೊತ್ತಿಗೆ ಈ ಊರಿನ ಮನೆಗಳಲ್ಲಿ ನಿಜವಾಗಿ ಏನು ನಡೆಯುತ್ತದೋ ಅದನ್ನು ಹೇಳಲು ಬೇಕಾಗುವ ಮಾತುಗಳನ್ನಷ್ಟೇ ಹಿಡಿದುಕೊಂಡೆ.

ಮಂಗಳೂರಿನಲ್ಲಿ ಈ ಪಾಠಕ್ಕೆ ಒಂದು ಅನುಕೂಲವಿದೆ. ತರಗತಿಯಲ್ಲಿ ನಾಲ್ಕೈದು ಮಂದಿಯಾದರೂ ಕೊಂಕಣಿ ಮಾತಾಡುವ ಕ್ರೈಸ್ತರು ಇರುತ್ತಾರೆ. ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ ಕಟ್ಟುವುದು, ನಕ್ಷತ್ರ ತೂಗುಹಾಕುವುದು, 24ರ ರಾತ್ರಿಯ ಪೂಜೆಗೆ ಹೋಗುವುದು ಅವರಿಗೆ ಗೊತ್ತು. ಉಳಿದವರು, ಅಂದರೆ ತುಳು ಮಾತಾಡುವವರು, ಬ್ಯಾರಿಗಳು, ಘಟ್ಟದ ಮೇಲಿನಿಂದ ಬಂದವರು, ಪಕ್ಕದ ಮನೆಯಿಂದ ಬಂದ ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿಗಳನ್ನು ತಿಂದಿರುತ್ತಾರೆ, ಆ ಮನೆಯೊಳಗೆ ನಡೆಯುವುದನ್ನು ನೋಡಿರುವುದಿಲ್ಲ. ಒಬ್ಬರಿಗೆ ಗೊತ್ತು, ಇನ್ನೊಬ್ಬರಿಗೆ ಗೊತ್ತಿಲ್ಲ, ಗೊತ್ತಿಲ್ಲದವರಿಗೆ ಕುತೂಹಲ. ಮಾತಿನ ಪಾಠಕ್ಕೆ ಬೇಕಾದ ಈ ಸನ್ನಿವೇಶವನ್ನು ಪುಸ್ತಕಗಳು ಹರಸಾಹಸ ಮಾಡಿ ಹುಟ್ಟಿಸುತ್ತವೆ. ನಮಗಿಲ್ಲಿ ಪುಕ್ಕಟೆ.

ಮೊದಲ ತರಗತಿಯಲ್ಲಿ ನಾಮಪದ ಕೊಡುವುದಿಲ್ಲ, ಕ್ರಿಯಾಪದದ ಸಮೇತ ಗಂಟು ಕೊಡುತ್ತೇನೆ. ಪುಟ್ ಅಪ್ ಎ ಸ್ಟಾರ್, ಸೆಟ್ ಅಪ್ ದ ಕ್ರಿಬ್, ಅಟೆಂಡ್ ಮಿಡ್‌ನೈಟ್ ಮಾಸ್, ಸೋಕ್ ದ ಡ್ರೈ ಫ್ರೂಟ್ಸ್, ಸೆಂಡ್ ಎ ಪ್ಲೇಟ್ ಓವರ್ ಟು ದ ನೇಬರ್ಸ್. ಬರೇ ಸ್ಟಾರ್ ಎಂದು ಕೊಟ್ಟರೆ 'ವಿ ವಿಲ್ ಕೀಪ್ ಸ್ಟಾರ್' ಎಂದೇ ಬರುತ್ತದೆ, ಏಕೆಂದರೆ ಕನ್ನಡದಲ್ಲಿ 'ಇಡು' ಎಲ್ಲ ಕಡೆ ನಡೆಯುತ್ತದೆ. ಅಲ್ಲಿರುವ 'ವಿಲ್' ಕೂಡ ನಮ್ಮದೇ. 'ನಾವು ಚರ್ಚಿಗೆ ಹೋಗುತ್ತೇವೆ' ಎಂಬ ಒಂದೇ ವಾಕ್ಯ ಪ್ರತಿವರ್ಷದ ರೂಢಿಗೂ ಆಗುತ್ತದೆ, ನಾಳೆಯ ಯೋಜನೆಗೂ ಆಗುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಬೇರೆ ದಾರಿ. ಹಬ್ಬದ ವಿಷಯದಲ್ಲಿ ಇದನ್ನು ಬಿಡಿಸಿ ತೋರಿಸುವುದು ಸುಲಭ. ಬೋರ್ಡಿನ ಮೇಲೆ ಮೂರು ಕಂಬ ಎಳೆದು ಎವ್ರಿ ಇಯರ್, ಲಾಸ್ಟ್ ಇಯರ್, ದಿಸ್ ಇಯರ್ ಎಂದು ಬರೆದು, ಒಂದೇ ಕೆಲಸವನ್ನು ಮೂರರಲ್ಲೂ ಹೇಳಿಸುತ್ತೇನೆ. ವ್ಯಾಕರಣದ ಹೆಸರು ಎತ್ತುವ ಅಗತ್ಯವೇ ಬೀಳಲಿಲ್ಲ.

ಜೊತೆಗೆ ಅಟ್ ಕ್ರಿಸ್‌ಮಸ್, ಆನ್ ಕ್ರಿಸ್‌ಮಸ್ ಡೇ. ಕ್ರಿಸ್‌ಮಸ್ ಈವ್ ಎಂದರೆ 25ರ ಸಂಜೆ ಎಂದುಕೊಂಡವರು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ, ಅದನ್ನೊಮ್ಮೆ ಸರಿಪಡಿಸಿ ಮುಂದೆ ಹೋಗುತ್ತೇನೆ.

ನಿಜವಾದ ಕೆಲಸ ಶುರುವಾಗುವುದು ಕುಸ್ವಾರ್ ಬಂದ ದಿನ. ಮನೆಯಲ್ಲಿ ಮಾಡುವವರು ಒಂದಿಷ್ಟು ತರುತ್ತಾರೆ, ಕಡಿಮೆ ಬಿದ್ದರೆ ಬೇಕರಿಯಿಂದ ತರಿಸುತ್ತೇನೆ. ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕೀಸ್, ಒಂದು ತುಂಡು ಪ್ಲಮ್ ಕೇಕ್. ಇಬ್ಬಿಬ್ಬರ ಜೋಡಿ. ಒಬ್ಬರ ಕೈಯಲ್ಲಿ ಡಬ್ಬಿ, ಮುಚ್ಚಳ ತೆರೆಯುವಂತಿಲ್ಲ. ಇನ್ನೊಬ್ಬರು ಡಬ್ಲಿನ್ ಆಸ್ಪತ್ರೆಯಲ್ಲಿ ಜೊತೆಗೆ ಕೆಲಸ ಮಾಡುವ ನರ್ಸ್, ಭಾರತಕ್ಕೆ ಎಂದೂ ಬಂದವಳಲ್ಲ. ತಿಂಡಿಯ ಹೆಸರು ಹೇಳಬಾರದು, ನಮ್ಮೂರಿನ ಇನ್ನೊಂದು ತಿಂಡಿಗೆ ಹೋಲಿಸಬಾರದು. ಆಕಾರ, ಒಳಗೇನಿದೆ, ಹೇಗೆ ಮಾಡುವುದು, ಬಾಯಿಗೆ ಹಾಕಿದರೆ ಹೇಗಿರುತ್ತದೆ, ಇಷ್ಟನ್ನೇ ಹೇಳಿ ಎದುರಿನವರ ಕೈಯಲ್ಲಿ ಚಿತ್ರ ಬರೆಸಬೇಕು.

ಆ ಎರಡನೆಯ ನಿಯಮವೇ ಮುಖ್ಯ. ಇಲ್ಲದಿದ್ದರೆ 'ನೆವ್ರಿ ಈಸ್ ಲೈಕ್ ಕರ್ಜಿಕಾಯಿ' ಎಂದು ಒಂದೇ ಏಟಿಗೆ ಮುಗಿಸಿಬಿಡುತ್ತಾರೆ. ಡಬ್ಲಿನ್‌ನವಳಿಗೆ ಕರ್ಜಿಕಾಯಿ ಯಾವ ಲೆಕ್ಕ? ಆಗ ಇಟ್ಸ್ ಎ ಕೈಂಡ್ ಆಫ್, ಇಟ್ಸ್ ಫಿಲ್ಡ್ ವಿತ್, ಇಟ್ ಲುಕ್ಸ್ ಲೈಕ್ ಎ ಹಾಫ್ ಮೂನ್ ಮುಂತಾದವು ಹೊರಗೆ ಬರಲೇಬೇಕು. ಎಳ್ಳು, ಒಣಕೊಬ್ಬರಿ, ಸಕ್ಕರೆ, ಏಲಕ್ಕಿಯ ಹೂರಣ ಎಂದು ಹೇಳಲು ಹೋಗಿ ಎಳ್ಳಿಗೆ ಇಂಗ್ಲಿಷಿನಲ್ಲಿ ಏನು ಎಂದು ಕೇಳುತ್ತಾರೆ. ಅವರೇ ಕೇಳಿ ಪಡೆದ ಸೆಸಮಿ ಆಮೇಲೆ ಮರೆಯುವುದಿಲ್ಲ. ರೋಸ್ ಕುಕ್ಕೀಸ್ ಬಂದಾಗ ಅಚ್ಚನ್ನು ಬಿಸಿ ಎಣ್ಣೆಯಲ್ಲಿ ಕಾಯಿಸಿ, ಹಿಟ್ಟಿನಲ್ಲಿ ಅದ್ದಿ, ಮತ್ತೆ ಎಣ್ಣೆಗಿಳಿಸಿ ಅಲುಗಾಡಿಸಿದಾಗ ಹೂವು ಬಿಟ್ಟುಕೊಳ್ಳುವುದನ್ನು ಹೇಳಬೇಕಾಗುತ್ತದೆ. ಹೀಟ್, ಡಿಪ್, ಲೋವರ್, ಶೇಕ್ ಎಂಬ ನಾಲ್ಕು ಕ್ರಿಯಾಪದಗಳು ಸರಿಯಾದ ಕ್ರಮದಲ್ಲಿ ಬಂದರೆ ಅದೇ ಒಂದು ಸಣ್ಣ ಭಾಷಣ. ಒಮ್ಮೆ ಕಿಡಿಯೊ ಸಿಕ್ಕ ಹುಡುಗ ಕೊಂಕಣಿಯ ಅರ್ಥ ಹಿಡಿದು ಗಂಭೀರವಾಗಿ 'ವಿ ಈಟ್ ವರ್ಮ್ಸ್ ಅಟ್ ಕ್ರಿಸ್‌ಮಸ್' ಎಂದ. ಡಬ್ಲಿನ್ ನರ್ಸ್ ಪಾತ್ರದಲ್ಲಿದ್ದವಳು ಕುರ್ಚಿಯಿಂದ ಎದ್ದೇಬಿಟ್ಟಳು. ಹಿಟ್ಟಿನ ಉಂಡೆಯನ್ನು ಫೋರ್ಕಿನ ಬೆನ್ನಿನ ಮೇಲೆ ಒತ್ತಿ ಸುರುಳಿ ಮಾಡುವುದು ಎಂದು ವಿವರಿಸುವಷ್ಟರಲ್ಲಿ ಅವನು ಆ ವಾರ ಆಡಿದ್ದಕ್ಕಿಂತ ಹೆಚ್ಚು ಇಂಗ್ಲಿಷ್ ಆಡಿದ್ದ.

ಇವರು ಮಾತಾಡುವಾಗ ನಾನು ನಡುವೆ ಬಾಯಿ ಹಾಕುವುದಿಲ್ಲ. ಚೀಟಿಯಲ್ಲಿ ಬರೆದುಕೊಂಡು, ಕೊನೆಗೆ ಐದಾರು ವಾಕ್ಯಗಳನ್ನು ಹೆಸರಿಲ್ಲದೆ ಬೋರ್ಡಿಗೆ ಹಾಕುತ್ತೇನೆ. ಅವರೇ ತಿದ್ದುತ್ತಾರೆ. ತಾನು ಆಡಿದ ವಾಕ್ಯ ಯಾವುದೆಂದು ಆಡಿದವರಿಗೆ ಗೊತ್ತೇ ಇರುತ್ತದೆ.

ಮುಂದಿನದು ಓಘದ ಕೆಲಸ, ಅಂದರೆ ತಡವರಿಸದೆ ಮಾತಾಡುವ ಅಭ್ಯಾಸ. ಒಂದೇ ವಿಷಯವನ್ನು ಮೂವರು ಬೇರೆ ಬೇರೆ ಕೇಳುಗರಿಗೆ ನಾಲ್ಕು, ಮೂರು, ಎರಡು ನಿಮಿಷಗಳಲ್ಲಿ ಹೇಳಿಸುವ ವಿಧಾನವನ್ನು ಕೀತ್ ಮಾರಿಸ್ 1983ರಲ್ಲಿ ಪರಿಚಯಿಸಿದರು, ಆಮೇಲೆ ಭಾಷಾ ಕಲಿಕೆಯ ಸಂಶೋಧಕ ಪಾಲ್ ನೇಷನ್ ಅದರ ಬಗ್ಗೆ ಬರೆದರು. ನಮ್ಮ ಮಟ್ಟದವರಿಗೆ ನಾಲ್ಕು ನಿಮಿಷ ಬಲು ಉದ್ದ, ಮಧ್ಯದಲ್ಲೇ ಸರಕು ಮುಗಿದು ಚಾವಣಿ ನೋಡುತ್ತಾರೆ. ಹಾಗಾಗಿ ಮೂರು, ಎರಡು, ಒಂದೂವರೆ ಎಂದು ಇಳಿಸಿಕೊಂಡಿದ್ದೇನೆ. ಕುರ್ಚಿಗಳ ಎರಡು ಸಾಲು ಎದುರುಬದುರು, ಗಂಟೆ ಹೊಡೆದಾಗ ಒಂದು ಸಾಲು ಒಂದು ಸ್ಥಾನ ಸರಿಯುತ್ತದೆ. ವಿಷಯ: ಕಳೆದ ಕ್ರಿಸ್‌ಮಸ್, ನನ್ನ ಮನೆಯಲ್ಲಿ ಅಥವಾ ನನ್ನ ಬೀದಿಯಲ್ಲಿ. ಮೂರನೆಯ ಸುತ್ತಿಗೆ ಬರುವಾಗ 'ಆಕ್ಚುಲಿ', 'ಲೈಕ್', 'ದಟ್ ಈಸ್' ಉದುರಿಹೋಗಿ ಮಾತು ಸೀದಾ ಬರತೊಡಗುತ್ತದೆ. ಬದಲಾವಣೆ ಅವರ ಕಿವಿಗೇ ಬೀಳುತ್ತದೆ, ನಾನು ಹೇಳಬೇಕಾಗಿಲ್ಲ.

'ಬೀದಿಯಲ್ಲಿ' ಎಂದು ಸೇರಿಸಿದ್ದು ಬೇಕೆಂದೇ. ಒಬ್ಬ ಬ್ಯಾರಿ ಹುಡುಗಿ ಪಕ್ಕದ ಮನೆಯಿಂದ ಬಂದ ತಟ್ಟೆಯನ್ನು ಖಾಲಿ ಹಿಂದಿರುಗಿಸಬಾರದೆಂದು ತನ್ನ ಅಮ್ಮ ಪಟ್ಟ ಪಾಡನ್ನು ಹೇಳಿದಳು. ಒಬ್ಬ ತಾನು ಅಂಗಡಿಯಲ್ಲಿ ನಕ್ಷತ್ರ ಮಾರುವಾಗ ಗಿರಾಕಿಗಳು ಚೌಕಾಸಿ ಮಾಡುವ ರೀತಿ ಹೇಳಿದ, ಅದನ್ನು ಮುಂದಿನ ದಿನ ಪಾತ್ರಾಭಿನಯಕ್ಕೆ ಬಳಸಿಕೊಂಡೆವು. 'ಟೀಚರ್, ನಮ್ಮದು ಕ್ರಿಶ್ಚಿಯನ್ ಅಲ್ಲ, ನಾನೇನು ಹೇಳಲಿ?' ಎಂಬ ಮಾತು ಆಮೇಲೆ ಕೇಳಿಬರಲಿಲ್ಲ. ಧರ್ಮ ಕಲಿಸುತ್ತೀರಾ ಎಂದು ಕೇಳಿದ ತಂದೆಯೊಬ್ಬರಿಗೂ ನಾನು ತೋರಿಸಿದ್ದು ಇದನ್ನೇ. ಪ್ರಾರ್ಥನೆ, ಯೇಸು ಹುಟ್ಟಿನ ನಾಟಕ ಯಾವುದೂ ಇಲ್ಲ, ದೀಪಾವಳಿಗೂ ಈದ್‌ಗೂ ಇದೇ ಪಾಠ.

ಪ್ರಶ್ನೆ ಕೇಳುವುದರಲ್ಲಿ ನಮ್ಮವರು ಎಡವುತ್ತಾರೆ. 24ರ ಪೂಜೆಯ ಬಗ್ಗೆ 'ವೈ ಡು ಯು ಗೋ ಅಟ್ ನೈಟ್?' ಎನ್ನುವ ಬದಲು 'ವೈ ಯು ಆರ್ ಗೋಯಿಂಗ್ ಇನ್ ದ ನೈಟ್?' ಎನ್ನುತ್ತಾರೆ. ಕೇಳುವವರಿಗೆ ನಿಜವಾಗಿಯೂ ಉತ್ತರ ಗೊತ್ತಿಲ್ಲದಾಗ ಮತ್ತೆ ಮತ್ತೆ ಕೇಳುತ್ತಾರೆ, ಕೇಳುತ್ತ ಕೇಳುತ್ತ ತಿದ್ದಿಕೊಳ್ಳುತ್ತಾರೆ.

ಹೊರಗಿನ ಕ್ರಿಸ್‌ಮಸ್ ಪೂರ್ತಿ ಬೇಡವೆಂದಲ್ಲ. ಬ್ರಿಟನ್ನಿನಲ್ಲಿ 26ನೇ ತಾರೀಕು ಬಾಕ್ಸಿಂಗ್ ಡೇ, ಐರ್ಲೆಂಡಿನಲ್ಲಿ ಅದೇ ದಿನ ಸೇಂಟ್ ಸ್ಟೀಫನ್ಸ್ ಡೇ. ಅಲ್ಲಿ ಡ್ಯೂಟಿ ಪಟ್ಟಿ ಓದಬೇಕಾದವರಿಗೆ ಇದು ಬೇಕು. ಆದರೆ ನನಗೆ ಹೆಚ್ಚು ಒದಗಿದ್ದು ಹತ್ತಿರದ ತಲಶ್ಶೇರಿಯ ಕಥೆ. 1883ರಲ್ಲಿ ಮರ್ಡಾಕ್ ಬ್ರೌನ್ ಎಂಬ ತೋಟದ ಧಣಿ ಇಂಗ್ಲೆಂಡಿನಿಂದ ತಂದ ಕೇಕನ್ನು ಮಾಂಬಳ್ಳಿ ಬಾಪು ಎಂಬ ಬೇಕರಿಯವರಿಗೆ ರುಚಿ ತೋರಿಸಿ ಇಂಥದ್ದೇ ಮಾಡಿಕೊಡು ಎಂದನಂತೆ. ಬಾಪು ವಿದೇಶಿ ಬ್ರಾಂಡಿಯ ಬದಲು ಗೇರುಹಣ್ಣಿನ ಸ್ಥಳೀಯ ಮದ್ಯ ಸೇರಿಸಿದರು, ಧಣಿ ಮೆಚ್ಚಿ ಇನ್ನಷ್ಟು ಕೇಕಿಗೆ ಹೇಳಿದ ಎಂದು ಕಥೆ. ಇದನ್ನು ಆರು ಚೀಟಿಗಳಾಗಿ ಕತ್ತರಿಸಿ ಒಬ್ಬೊಬ್ಬರಿಗೆ ಒಂದು ಕೊಡುತ್ತೇನೆ. ಓದಿ ನೆನಪಿಟ್ಟುಕೊಂಡು ಚೀಟಿ ನನಗೆ ಹಿಂದಿರುಗಿಸಬೇಕು, ಆಮೇಲೆ ಬರೇ ಮಾತಾಡಿಕೊಂಡು ಕಥೆಯ ಕ್ರಮ ಹಿಡಿಯಬೇಕು. ವಾಟ್ ಹ್ಯಾಪನ್ಡ್ ಬಿಫೋರ್ ದಟ್, ಐ ಥಿಂಕ್ ಮೈನ್ ಕಮ್ಸ್ ನೆಕ್ಸ್ಟ್ ಎಂಬವು ಆಗ ತಾವಾಗಿ ಬೇಕಾಗುತ್ತವೆ. ಗೇರುಹಣ್ಣು ಬಂದಾಗ ಕರಾವಳಿಯ ಮಕ್ಕಳ ಮುಖ ನೋಡಬೇಕು.

ಕೊನೆಯ ತರಗತಿ ಉಪಚಾರದ ಮಾತಿಗೆ. ಉಡುಗೊರೆ ಕೊಟ್ಟರೆ 'ವೈ ದಿಸ್ ಆಲ್?' ಎನ್ನುತ್ತಾರೆ. 'ಇದೆಲ್ಲ ಯಾಕೆ' ಎಂಬುದರಲ್ಲಿರುವ ಸಂಕೋಚ ಇಂಗ್ಲಿಷಿಗೆ ದಾಟುವುದಿಲ್ಲ, ದಬಾಯಿಸಿದ ಹಾಗೆ ಕೇಳುತ್ತದೆ. ಯು ರಿಯಲಿ ಶುಡನ್ಟ್ ಹ್ಯಾವ್ ಎಂದರೆ ಅದೇ ಭಾವ. ಇನ್ನೂ ಬಡಿಸಲು ಬಂದರೆ ಎನಫ್, ಎನಫ್ ಎಂದು ಕೈ ಅಡ್ಡ ಹಿಡಿಯುವುದರ ಬದಲು ಇಟ್ ವಾಸ್ ಲವ್ಲಿ, ಬಟ್ ಐ ಕುಡನ್ಟ್ ಈಟ್ ಎನಿ ಮೋರ್. ಉಳಿದ ಕುಸ್ವಾರನ್ನು ಅಲ್ಲೇ ಬಡಿಸಿ ಅಭ್ಯಾಸ ಮಾಡಿಸುತ್ತೇನೆ, ಈ ಅಭ್ಯಾಸಕ್ಕೆ ಯಾರೂ ತಪ್ಪಿಸಿಕೊಳ್ಳುವುದಿಲ್ಲ.

ಜನವರಿಯ ಮೊದಲ ತರಗತಿಯಲ್ಲಿ ಪುನರಾವರ್ತನೆ ಮಾಡಿಸದೆ, ರಜೆ ಹೇಗಿತ್ತು ಎಂದಷ್ಟೇ ಕೇಳಿ ಯಾವ ಪದಗಳು ತಾವಾಗಿ ಹಿಂದಿರುಗುತ್ತವೆ ಎಂದು ಗುರುತು ಹಾಕಿಕೊಳ್ಳುತ್ತೇನೆ. ಸೋಕ್, ಸೆಟ್ ಅಪ್, ಸೆಂಡ್ ಓವರ್ ಬಂದವು. ಬಾಗಿಲಿಗೆ ಹಾಕುವ ಎಲೆಗಳ ದುಂಡು ಹಾರಕ್ಕೆ ಹೇಳುವ 'ರೀತ್' ಯಾರ ಬಾಯಲ್ಲೂ ಬರಲಿಲ್ಲ, ಯಾರ ಮನೆ ಬಾಗಿಲಲ್ಲೂ ಅದು ಇರಲಿಲ್ಲವಲ್ಲ. ಈ ವರ್ಷದ ಪಟ್ಟಿಯಿಂದ ಅದನ್ನು ತೆಗೆದು ಆ ಜಾಗಕ್ಕೆ ಗ್ರೇಟ್ ಹಾಕಿದ್ದೇನೆ, ತೆಂಗಿನಕಾಯಿ ತುರಿಯುವುದಕ್ಕೆ.