ಒಂದೇ ಪಾರ್ಸರ್, ಮೂರು ಟೆಸ್ಟ್ ಫ್ರೇಮ್‌ವರ್ಕ್: ಸಿ++ನಲ್ಲಿ ನನ್ನ ಅನುಭವ

ಸಿ++ಗೆ ಯಾವ ಯುನಿಟ್ ಟೆಸ್ಟ್ ಫ್ರೇಮ್‌ವರ್ಕ್ (ಕೋಡಿನ ಚಿಕ್ಕ ಚಿಕ್ಕ ಭಾಗಗಳನ್ನು ಪರೀಕ್ಷಿಸುವ ಸಲಕರಣೆ) ಒಳ್ಳೆಯದು ಅಂತ ಹುಡುಕಿದರೆ ಸಿಗುವುದು ಸೌಲಭ್ಯಗಳ ಉದ್ದುದ್ದ ಪಟ್ಟಿ. ಅದನ್ನು ಓದಿ ನನಗೇನೂ ಬಗೆಹರಿಯಲಿಲ್ಲ. ಕೊನೆಗೆ ಕಾನ್ಫಿಗರೇಷನ್ ಫೈಲ್ ಓದುವ ಒಂದು ಚಿಕ್ಕ ಪಾರ್ಸರ್ ಇಟ್ಟುಕೊಂಡು, ಅವೇ ಟೆಸ್ಟ್‌ಗಳನ್ನು ಗೂಗಲ್ ಟೆಸ್ಟ್, ಕ್ಯಾಚ್2, ಡಾಕ್‌ಟೆಸ್ಟ್ ಮೂರರಲ್ಲೂ ಬರೆದೆ. ಆಮೇಲೆ ಪಾರ್ಸರನ್ನು ಬೇಕಂತಲೇ ಕೆಡಿಸಿದೆ. ಪಾಸಾಗುವ ಟೆಸ್ಟ್ ಎಲ್ಲದರಲ್ಲೂ ಒಂದೇ ಥರ. ಫೇಲಾದಾಗ ಏನು ಹೇಳುತ್ತದೆ ಅನ್ನುವುದನ್ನು ನೋಡಬೇಕಿತ್ತು.

ಪೋರ್ಟ್ ನಂಬರಿನ ಕೊನೆಯ ಅಂಕಿ ಬಿಟ್ಟುಹೋಗುವ ಹಾಗೆ ಮಾಡಿದೆ. 8080 ಬರಬೇಕಾದಲ್ಲಿ 808 ಬಂತು. ಗೂಗಲ್ ಟೆಸ್ಟ್‌ನಲ್ಲಿ ಹೋಲಿಕೆಗೆ ಬೇರೆ ಬೇರೆ ಮ್ಯಾಕ್ರೋಗಳಿವೆ (ಕಂಪೈಲ್‌ಗೆ ಮೊದಲು ಕೋಡಾಗಿ ಬಿಚ್ಚಿಕೊಳ್ಳುವ ಹೆಸರುಗಳು): ಸಮ ಇರಬೇಕಾದರೆ ಒಂದು, ಕಡಿಮೆ ಇರಬೇಕಾದರೆ ಇನ್ನೊಂದು. ಸರಿಯಾದದ್ದನ್ನು ಆರಿಸಿಕೊಂಡರೆ ಎರಡೂ ಬೆಲೆಗಳನ್ನು ತೋರಿಸುತ್ತದೆ. ಸೋಮಾರಿತನಕ್ಕೆ ‘ಎಕ್ಸ್‌ಪೆಕ್ಟ್ ಟ್ರೂ’ ಒಳಗೆ ಹೋಲಿಕೆ ತುರುಕಿದರೆ ‘ಟ್ರೂ ಬೇಕಿತ್ತು, ಫಾಲ್ಸ್ ಬಂತು’ ಅಂತಷ್ಟೇ ಹೇಳಿ ಸುಮ್ಮನಾಗುತ್ತದೆ. ಕ್ಯಾಚ್2, ಡಾಕ್‌ಟೆಸ್ಟ್ ಎರಡರಲ್ಲೂ ಮಾಮೂಲಿ ಸಿ++ ಹೋಲಿಕೆಯನ್ನೇ ‘ಚೆಕ್’ ಒಳಗೆ ಬರೆದರೆ ಸಾಕು; ಆಪರೇಟರ್ ಓವರ್‌ಲೋಡಿಂಗ್ (‘==’ನಂಥ ಚಿಹ್ನೆಗೆ ಬೇರೆ ಅರ್ಥ ಕೊಡುವುದು) ಬಳಸಿ ಅದನ್ನು ಬಿಡಿಸಿ ‘808 == 8080’ ಅಂತ ಮುಂದಿಡುತ್ತವೆ. ಆದರೆ ಎರಡು ಷರತ್ತುಗಳನ್ನು ‘&&’ ಹಾಕಿ ನೇರವಾಗಿ ಜೋಡಿಸಿದರೆ ಕಂಪೈಲೇ ಆಗುವುದಿಲ್ಲ. ನನಗಂತೂ ಅದು ಒಳ್ಳೆಯದೇ ಅನ್ನಿಸಿತು, ಬೇರೆ ಬೇರೆ ಸಾಲಲ್ಲಿ ಬರೆಯಲೇಬೇಕಾಗುತ್ತದೆ.

ದೊಡ್ಡ ವ್ಯತ್ಯಾಸ ಕಂಡಿದ್ದು ಹೆಲ್ಪರ್ ಫಂಕ್ಷನ್‌ಗಳಲ್ಲಿ. ಫೈಲ್ ಲೋಡ್ ಮಾಡಿ, ಪಾಯಿಂಟರ್ ನಲ್ (ಖಾಲಿ) ಅಲ್ಲ ಅಂತ ‘ಅಸರ್ಟ್’ ಮಾಡುವ, ಅಂದರೆ ಖಚಿತಪಡಿಸಿಕೊಳ್ಳುವ, ಒಂದು ಹೆಲ್ಪರ್ ಇತ್ತು. ಗೂಗಲ್ ಟೆಸ್ಟ್‌ನ ‘ಅಸರ್ಟ್’ ಫೇಲಾದರೆ ಆಗುವುದು ಬರೀ ಒಂದು ‘ರಿಟರ್ನ್’. ಅಂದರೆ ಹೆಲ್ಪರ್‌ನಿಂದ ಹೊರಬರುತ್ತದೆ, ಅದನ್ನು ಕರೆದ ಟೆಸ್ಟ್ ಏನೂ ಆಗದ ಹಾಗೆ ಮುಂದಿನ ಸಾಲಿಗೆ ಹೋಗಿ ನಲ್ ಪಾಯಿಂಟರ್ ಮುಟ್ಟಿ ಕ್ರ್ಯಾಶ್ ಆಗುತ್ತದೆ. ಇದೇ ಕಾರಣಕ್ಕೆ ‘ವಾಯ್ಡ್’ ಅಲ್ಲದ, ಅಂದರೆ ಬೆಲೆ ಹಿಂದಿರುಗಿಸಬೇಕಾದ, ಫಂಕ್ಷನ್ ಒಳಗೆ ‘ಅಸರ್ಟ್’ ಬಳಸಲೂ ಬರುವುದಿಲ್ಲ. ಗೂಗಲ್‌ನ ಸಿ++ ಶೈಲಿ ನಿಯಮಗಳಲ್ಲೇ ಎಕ್ಸೆಪ್ಶನ್‌ಗೆ (ತಪ್ಪಾದಾಗ ಕರೆದವರೆಲ್ಲರನ್ನೂ ದಾಟಿ ಮೇಲಕ್ಕೆ ಹೋಗುವ ಸೂಚನೆ) ಜಾಗವಿಲ್ಲ, ಹಾಗಾಗಿ ಈ ವಿನ್ಯಾಸದಲ್ಲಿ ಅಚ್ಚರಿಯೇನಿಲ್ಲ. ಹೆಲ್ಪರ್ ಕರೆಯನ್ನು ‘ಅಸರ್ಟ್ ನೋ ಫೇಟಲ್ ಫೇಲ್ಯೂರ್’ ಮ್ಯಾಕ್ರೋದಲ್ಲಿ ಸುತ್ತಿದರೆ ಸರಿಹೋಗುತ್ತದೆ, ಆದರೆ ಪ್ರತಿ ಸಲವೂ ನೆನಪಿಟ್ಟುಕೊಂಡು ಸುತ್ತಬೇಕಲ್ಲ! ಉಳಿದೆರಡರ ‘ರಿಕ್ವೈರ್’ ಎಕ್ಸೆಪ್ಶನ್ ಎಸೆಯುತ್ತದೆ, ಎಷ್ಟು ಆಳದಲ್ಲಿದ್ದರೂ ಆ ಟೆಸ್ಟ್ ಅಲ್ಲಿಗೆ ಮುಗಿಯುತ್ತದೆ. ಎಕ್ಸೆಪ್ಶನ್ ಆಫ್ ಮಾಡಿ ಕಂಪೈಲ್ ಮಾಡುವ ಪ್ರಾಜೆಕ್ಟ್‌ಗಳಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಗೂಗಲ್ ಟೆಸ್ಟೇ ಸಲೀಸು.

ಕ್ಯಾಚ್2ನಲ್ಲಿ ನನಗೆ ಹಿಡಿಸಿದ್ದು ‘ಸೆಕ್ಷನ್’. ಟೆಸ್ಟ್‌ನ ಮೇಲ್ಭಾಗದಲ್ಲಿ ಒಮ್ಮೆ ಪಾರ್ಸರ್ ತಯಾರು ಮಾಡಿಟ್ಟು, ಕೆಳಗೆ ಖಾಲಿ ಬೆಲೆ, ಕಾಮೆಂಟ್, ಮುಚ್ಚದ ಉದ್ಧರಣ ಚಿಹ್ನೆ ಅಂತ ಸೆಕ್ಷನ್‌ಗಳನ್ನು ಬರೆದೆ. ಪ್ರತಿ ಸೆಕ್ಷನ್‌ಗೂ ಟೆಸ್ಟ್ ಮೊದಲಿನಿಂದ ಮತ್ತೆ ಓಡುತ್ತದೆ, ಒಂದರ ಕೊಳೆ ಇನ್ನೊಂದಕ್ಕೆ ಅಂಟುವುದಿಲ್ಲ. ಗೂಗಲ್ ಟೆಸ್ಟ್‌ನಲ್ಲಿ ಇದಕ್ಕೆ ಫಿಕ್ಸ್ಚರ್ ಕ್ಲಾಸ್ (ಪ್ರತಿ ಟೆಸ್ಟ್‌ಗೂ ಮುಂಚಿನ ತಯಾರಿ ಮಾಡುವ ಕ್ಲಾಸ್) ಬೇಕು. ಡಾಕ್‌ಟೆಸ್ಟ್‌ನಲ್ಲಿ ಇದೇ ‘ಸಬ್‌ಕೇಸ್’.

ಕಂಪೈಲ್ ಸಮಯದಲ್ಲಿ ಡಾಕ್‌ಟೆಸ್ಟ್‌ ಹಗುರ. ಇಡೀ ಫ್ರೇಮ್‌ವರ್ಕ್ ಒಂದೇ ಹೆಡರ್. ಕ್ಯಾಚ್2 ಕೂಡ ಮೊದಲು ಹಾಗೇ ಇತ್ತು, 2022ರ ಮೂರನೇ ಆವೃತ್ತಿಯಿಂದ ಮಾಮೂಲಿ ಲೈಬ್ರರಿಯಾಗಿ ಬಿಲ್ಡ್ ಮಾಡಿ ಲಿಂಕ್ ಮಾಡಬೇಕು.

ಪಾರ್ಸರ್‌ಗೆ ನಾನು ಡಾಕ್‌ಟೆಸ್ಟ್ ಉಳಿಸಿಕೊಂಡೆ. ಟೆಸ್ಟನ್ನು ಸೋರ್ಸ್ ಫೈಲಿನಲ್ಲೇ, ಫಂಕ್ಷನ್‌ನ ಪಕ್ಕದಲ್ಲೇ ಬರೆದು, ರಿಲೀಸ್ ಬಿಲ್ಡ್‌ನಲ್ಲಿ ಒಂದು ಮ್ಯಾಕ್ರೋದಿಂದ ಅಷ್ಟನ್ನೂ ತೆಗೆದುಹಾಕಬಹುದು. ನೆಟ್‌ವರ್ಕ್ ಭಾಗದಲ್ಲಿ ಮಾತ್ರ ಮಾಕ್ ಆಬ್ಜೆಕ್ಟ್ (ನಿಜವಾದದ್ದರ ಬದಲು ನಿಲ್ಲುವ ನಕಲಿ) ಇಲ್ಲದೆ ಕೆಲಸ ಸಾಗದು, ಅಲ್ಲಿ ಗೂಗಲ್ ಟೆಸ್ಟ್ ಜೊತೆಗೇ ಬರುವ ಗೂಗಲ್ ಮಾಕ್ ಇರುವಾಗ ಬೇರೆ ಯೋಚನೆ ಮಾಡಲಿಲ್ಲ. ಎರಡನ್ನೂ ಸಿಟೆಸ್ಟ್ (ಸಿಮೇಕ್ ಜೊತೆ ಬರುವ, ಟೆಸ್ಟ್‌ಗಳನ್ನು ಓಡಿಸುವ ಸಾಧನ) ಓಡಿಸುತ್ತದೆ, ಯಾವುದು ಯಾವುದರಲ್ಲಿದೆ ಅನ್ನುವುದು ಅದಕ್ಕೆ ಬೇಕಿಲ್ಲ.

ಯಾವುದನ್ನೇ ಆರಿಸಿದರೂ ಒಂದು ನೋಡಿಕೊಳ್ಳಿ: ಟೆಸ್ಟ್‌ಗಳನ್ನು ಸ್ಟ್ಯಾಟಿಕ್ ಲೈಬ್ರರಿಯೊಳಗೆ ಇಟ್ಟರೆ, ಯಾರೂ ಕರೆಯದ ಆಬ್ಜೆಕ್ಟ್ ಫೈಲ್ ಅಂತ ಲಿಂಕರ್ (ಕಂಪೈಲಾದ ತುಣುಕುಗಳನ್ನು ಜೋಡಿಸುವ ಸಾಧನ) ಅವನ್ನು ಸದ್ದಿಲ್ಲದೆ ಬಿಟ್ಟುಬಿಡಬಹುದು. ಓಡಿದ ಟೆಸ್ಟ್‌ಗಳ ಸಂಖ್ಯೆಯನ್ನು ನಾನು ಈಗ ಬಿಲ್ಡ್ ಸ್ಕ್ರಿಪ್ಟ್‌ನಲ್ಲೇ ಪರೀಕ್ಷಿಸುತ್ತೇನೆ.