ಮನೆ ಎಂಟು, ಪಾರ್ಕಿಂಗ್ ಎಷ್ಟು? ಎಡ್ಮಂಟನ್ನಿನ ಇನ್‌ಫಿಲ್ ಲೆಕ್ಕಾಚಾರ

ಕೆನಡಾದ ಎಡ್ಮಂಟನ್ನಿಗೆ ಬಂದ ಹೊಸದರಲ್ಲಿ ನಾವು ಬಾಡಿಗೆಗೆ ಹಿಡಿದದ್ದು ಬಾನಿ ಡೂನ್ ಕಡೆಯ ಒಂದು ಬೇಸ್‌ಮೆಂಟ್ ಮನೆ. ಹಳೇ ಬಂಗಲೋ ಕೆಡವಿ ಆ ಸೈಟಿನಲ್ಲಿ ಎಂಟು ಮನೆ ಕಟ್ಟಿದ್ದರು. ಹೀಗೆ ಹಳೇ ಬಡಾವಣೆಯೊಳಗೆ ಹೊಸ ಮನೆ ಎಬ್ಬಿಸೋದಕ್ಕೆ ಇಲ್ಲಿ ಇನ್‌ಫಿಲ್ ಅನ್ನುತ್ತಾರೆ. (ಇಲ್ಲಿ ಬಂಗಲೋ ಅಂದರೆ ನಮ್ಮೂರಿನ ಸಾಹುಕಾರರ ಬಂಗಲೆ ಅಲ್ಲ, ಒಂದೇ ಅಂತಸ್ತಿನ ಸಾದಾ ಮನೆ.) ನಾವು ಮನೆ ನೋಡಲು ಹೋದದ್ದು ಜುಲೈ ತಿಂಗಳ ಮಧ್ಯಾಹ್ನ. ಕಾರು ಎಲ್ಲಿ ನಿಲ್ಲಿಸೋದು ಅಂತ ಕೇಳಿದೆ. ಮನೆ ತೋರಿಸಲು ಬಂದಿದ್ದವರು ರಸ್ತೆ ಕಡೆ ಕೈ ಮಾಡಿ, "ನೋಡಿ, ಎಷ್ಟು ಬೇಕಾದರೂ ಜಾಗ ಇದೆ" ಅಂದರು. ನಿಜ, ಎರಡೂ ಬದಿ ಖಾಲಿ ಹೊಡೀತಿತ್ತು.

ಜನವರಿಯ ಒಂದು ಬೆಳಿಗ್ಗೆ ಮೈನಸ್ 31. ಹಿಂದಿನ ರಾತ್ರಿ ಕೆಲಸ ಮುಗಿಸಿ ಬರುವಷ್ಟರಲ್ಲಿ ಮನೆ ಮುಂದೆ ಜಾಗವೇ ಇರಲಿಲ್ಲ, ಐದು ಮನೆ ಆಚೆ ನಿಲ್ಲಿಸಿದ್ದೆ. ಬಂಪರಿನಿಂದ ಬ್ಲಾಕ್ ಹೀಟರಿನ (ಚಳಿಯಲ್ಲಿ ಎಂಜಿನ್ನನ್ನು ಕರೆಂಟಿನಿಂದ ಬೆಚ್ಚಗಿಡುವ ಸಾಧನ) ವೈರು ಹೊರಗೆ ನೇತಾಡುತ್ತಿದೆ, ಚುಚ್ಚೋಕೆ ಪ್ಲಗ್ ಎಲ್ಲಿದೆ? ಕೀ ತಿರುಗಿಸಿದರೆ ಎಂಜಿನ್ನು ಒಂದು ಸಲ ಮುಲುಗಿ ಸುಮ್ಮನಾಯಿತು. ಅವತ್ತೇ ನಾನು ಈ ಊರಿನ ಪಾರ್ಕಿಂಗ್ ನಿಯಮ ಓದಲು ಕೂತದ್ದು.

ಓದಿದ ಮೇಲೆ ಗೊತ್ತಾಗಿದ್ದು ಇಷ್ಟು. ಎಂಟು ಮನೆ ಕಟ್ಟಿ ಒಂದೂ ಪಾರ್ಕಿಂಗ್ ಕೊಡದೇ ಇದ್ದರೂ ಎಡ್ಮಂಟನ್ನಿನಲ್ಲಿ ಅದು ಪೂರ್ತಿ ಕಾನೂನುಬದ್ಧ. ಯಾರೋ ಲಂಚ ಕೊಟ್ಟು ಮಾಡಿಸಿದ್ದಲ್ಲ, ಯಾರ ಕಣ್ತಪ್ಪಿಯೂ ಆದದ್ದಲ್ಲ. ನಗರಸಭೆ ಬೇಕೆಂದೇ ಮಾಡಿದ ನಿಯಮ.

ಮೊದಲೆಲ್ಲ ಇಲ್ಲೂ ಮನೆಗೆ ಇಷ್ಟು, ಅಂಗಡಿಗೆ ಇಷ್ಟು, ಹೋಟೆಲಿಗೆ ಇಷ್ಟು ಅಂತ ಪಾರ್ಕಿಂಗ್ ಪಟ್ಟಿ ಇತ್ತು. 2020ರ ಜೂನ್‌ನಲ್ಲಿ ಕೌನ್ಸಿಲ್ ಆ ಕನಿಷ್ಠ ಲೆಕ್ಕವನ್ನೇ ತೆಗೆದುಹಾಕಿತು, ಜುಲೈನಿಂದ ಜಾರಿಗೆ ಬಂತು. ಕೆನಡಾದ ದೊಡ್ಡ ನಗರಗಳಲ್ಲಿ ಇಡೀ ಊರಿಗೆ ಅನ್ವಯಿಸುವ ಹಾಗೆ ಇದನ್ನು ಮಾಡಿದ್ದು ಎಡ್ಮಂಟನ್ನೇ ಮೊದಲು. ಹೆಸರು 'ಓಪನ್ ಆಪ್ಷನ್ ಪಾರ್ಕಿಂಗ್'. ಈ ಹೆಸರನ್ನು ಸ್ವಲ್ಪ ಗಮನಿಸಿ. ಪಾರ್ಕಿಂಗ್ ಬೇಡ ಅಂತ ಇಲ್ಲಿ ಯಾರೂ ಹೇಳಿಲ್ಲ. ಎಷ್ಟು ಬೇಕು ಅನ್ನೋದನ್ನು ಕಟ್ಟುವವರೇ ತೀರ್ಮಾನಿಸಲಿ ಅಂತ ಬಿಟ್ಟಿದ್ದಾರೆ, ಅಷ್ಟೇ. ಅಂಗವಿಕಲರ ಪಾರ್ಕಿಂಗಿನ ನಿಯಮ ಮಾತ್ರ ಹಾಗೇ ಉಳಿಯಿತು.

ಯಾಕೆ ತೆಗೆದರು? ಊರಲ್ಲಿ ಅಗತ್ಯಕ್ಕಿಂತ ಸುಮಾರು 50% ಜಾಸ್ತಿ ಪಾರ್ಕಿಂಗ್ ಇದೆ ಅಂತ ನಗರಸಭೆಯ ಸ್ವಂತ ಅಧ್ಯಯನವೇ ಹೇಳಿತ್ತು. ಜೊತೆಗೆ ಒಂದು ಕಾರು ನಿಲ್ಲಿಸುವ ಜಾಗ ಕಟ್ಟಲು 7,000 ಡಾಲರಿನಿಂದ 60,000 ಡಾಲರ್ ತನಕ ಖರ್ಚು. ನೆಲದ ಮೇಲಾದರೆ ಕಡಿಮೆ, ಭೂಮಿ ಕೆಳಗಾದರೆ ಜಾಸ್ತಿ. ಆ ದುಡ್ಡು ಕೊನೆಗೆ ಬಾಡಿಗೆಯಲ್ಲೇ ಸೇರುತ್ತೆ, ಕಾರೇ ಇಲ್ಲದವರೂ ಕಟ್ಟಬೇಕಾಗುತ್ತೆ. ಈ ವಾದ ನನಗೂ ಸರಿ ಅನಿಸುತ್ತೆ, ನನ್ನ ಕಾರು ಹೆಪ್ಪುಗಟ್ಟಿದ್ದರೂ.

ಎರಡನೇ ಬದಲಾವಣೆ ಬಂದದ್ದು 2024ರ ಜನವರಿ 1ಕ್ಕೆ, ಹೊಸ ಜೋನಿಂಗ್ ಬೈಲಾ ರೂಪದಲ್ಲಿ, ಅಂದರೆ ಯಾವ ಜಾಗದಲ್ಲಿ ಏನು, ಎಷ್ಟು ಕಟ್ಟಬಹುದು ಅನ್ನುವ ನಗರಸಭೆಯ ನಿಯಮ. ಹಳೇ ಬಡಾವಣೆಗಳ ಬಹುಪಾಲು ಮನೆ ಸೈಟುಗಳು 'ಆರ್‌ಎಸ್' ಎಂಬ ಜೋನಿಗೆ ಬಂದವು. ಮೂಲೆ ಸೈಟೇ ಆಗಬೇಕಿಲ್ಲ, ಸಾಲಿನ ಮಧ್ಯದ ಸಾಮಾನ್ಯ ಸೈಟಿನಲ್ಲೂ ಎಂಟು ಮನೆ ತನಕ ಕಟ್ಟಬಹುದು, ಎತ್ತರ 10.5 ಮೀಟರ್ ಮೀರಬಾರದು ಅಂತಾಯಿತು. ಜೋನ್ ಬದಲಾಯಿಸಿಕೊಡಿ ಅಂತ ಅರ್ಜಿ ಹಿಡಿದು ಓಡಾಡುವ ಕೆಲಸವೇ ಇಲ್ಲ. ಈ ಎರಡು ನಿಯಮ ಒಟ್ಟಿಗೆ ಸೇರಿದ್ದರಿಂದಲೇ ಈಗ ಕಾಣುವ ಎಂಟು ಮನೆಯ ಕಟ್ಟಡಗಳು ಎದ್ದದ್ದು. ಹೆಚ್ಚಾಗಿ ಸಾಲಾಗಿ ನಾಲ್ಕು ರೋ ಹೌಸು, ಪ್ರತಿಯೊಂದರ ಕೆಳಗೆ ಒಂದು ಬೇಸ್‌ಮೆಂಟ್ ಮನೆ. ನಾನಿದ್ದದ್ದೂ ಅಂಥದ್ದೇ.

ಸೈಟು ಕೊಳ್ಳುವವರಿಗೆ

ನಮ್ಮವರಲ್ಲಿ ಐಟಿಯವರೋ ನರ್ಸೋ ಒಂದು ಕಡೆ ಸೇರಿದರೆ ಸಾಕು, ಈ ಮಾತು ಬಂದೇ ಬರುತ್ತೆ: "ಒಂದು ಬಂಗಲೋ ತಗೊಂಡು ಎಂಟು ಮನೆ ಕಟ್ಟಿಬಿಡೋಣ". ಬೆಂಗಳೂರಲ್ಲಿ 30-40 ಸೈಟಿನಲ್ಲಿ ಕೆಳಗೆ ಪಾರ್ಕಿಂಗ್, ಮೇಲೆ ಮೂರು ಬಾಡಿಗೆ ಮನೆ ಎಬ್ಬಿಸಿದವರನ್ನು ನೋಡಿ ಬೆಳೆದವರು ನಾವು. ಕೈ ತುರಿಸೋದು ಸಹಜ. ಆದರೆ ಮೊದಲು ಟೇಪು ಹಿಡಿಯಿರಿ.

2024ರ ಬೈಲಾ ಪ್ರಕಾರ ಒಂದು ಮನೆಗೆ ಕನಿಷ್ಠ 75 ಚದರ ಮೀಟರ್ ಸೈಟು ಇರಬೇಕು, ಅಂದರೆ ಸುಮಾರು 807 ಚದರ ಅಡಿ. 50 ಅಡಿ ಅಗಲ, 120 ಅಡಿ ಉದ್ದದ ಸೈಟು 6,000 ಚದರ ಅಡಿ. ಭಾಗಿಸಿದರೆ ಏಳೂ ಚಿಲ್ಲರೆ, ಅಂದರೆ ಏಳೇ ಮನೆ. ಅದೇ ಸೈಟು 130 ಅಡಿ ಉದ್ದ ಇದ್ದರೆ 6,500 ಚದರ ಅಡಿ, ಆಗ ಎಂಟು. ಹತ್ತು ಅಡಿಯಲ್ಲಿ ಒಂದು ಮನೆಯ ಬಾಡಿಗೆ ಹೋಗುತ್ತೆ! 33 ಅಡಿ ಅಗಲ, 132 ಅಡಿ ಉದ್ದದ ಕಿರಿದಾದ ಸೈಟಿಗೆ ಐದು ಮನೆ. "ಎಂಟು ಗ್ಯಾರಂಟಿ" ಅಂತ ಯಾರೇ ಹೇಳಲಿ, ಅಳತೆ ಕೇಳಿ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಸೈಟಿನ 45% ಜಾಗವನ್ನು ಮಾತ್ರ ಕಟ್ಟಡದಿಂದ ಮುಚ್ಚಬಹುದು. 6,500 ಚದರ ಅಡಿಯಲ್ಲಿ ಅದು 2,925. ಹಿಂದೆ ನಾಲ್ಕು ಕಾರಿನ ಗ್ಯಾರೇಜ್ ಕಟ್ಟಿದಿರಿ ಅಂತಿಟ್ಟುಕೊಳ್ಳಿ. 40 ಅಡಿಗೆ 20 ಅಡಿ, 800 ಚದರ ಅಡಿ. ಅದೂ ಇದೇ 2,925ರಲ್ಲೇ ಬರಬೇಕು. ಉಳಿದದ್ದು 2,125. ಗ್ಯಾರೇಜ್ ಬೇಡ ಅಂದರೆ ಮನೆಗಳು ದೊಡ್ಡದಾಗುತ್ತವೆ. ಗ್ಯಾರೇಜ್ ಬದಲು ಬರೀ ಜಲ್ಲಿ ಅಥವಾ ಕಾಂಕ್ರೀಟ್ ಹಾಸಿದ ಸ್ಟಾಲ್ (ಒಂದು ಕಾರು ನಿಲ್ಲಿಸುವ ಬಯಲು ಜಾಗ) ಕೊಟ್ಟರೆ ಅದು ಕಟ್ಟಡದ ಲೆಕ್ಕಕ್ಕೆ ಸೇರಲ್ಲ. ಆದರೆ ಗಿಡ ಮರ, ಕಸದ ಡಬ್ಬಿ, ಸೈಕಲ್ಲು ಎಲ್ಲಕ್ಕೂ ಜಾಗ ಅಲ್ಲೇ ಹುಡುಕಬೇಕು. ಹಿಂದೆ ಗಲ್ಲಿ ಇದ್ದರೆ ಕಾರಿನ ದಾರಿ ಗಲ್ಲಿ ಕಡೆಯಿಂದಲೇ ಇರಬೇಕು, ಮುಂದಿನ ರಸ್ತೆಯಿಂದ ಡ್ರೈವ್‌ವೇ ಕೊಡಲ್ಲ.

ನನ್ನನ್ನು ಕೇಳಿದರೆ, ಎಂಟು ಮನೆಗೆ ಮೂರೋ ನಾಲ್ಕೋ ಸ್ಟಾಲ್ ಇರಲಿ, ಪ್ರತಿಯೊಂದಕ್ಕೂ ಹೊರಗಡೆ ಒಂದು ಪ್ಲಗ್ ಪಾಯಿಂಟ್ ಇರಲಿ. ಎಲ್‌ಆರ್‌ಟಿ (ಊರೊಳಗಿನ ಲಘು ರೈಲು) ನಿಲ್ದಾಣದಿಂದ ನಡೆಯುವ ದೂರದಲ್ಲಿದ್ದರೆ ಇನ್ನೂ ಕಡಿಮೆ ಆದರೂ ನಡೆದೀತು. ಅದರ ವ್ಯಾಲಿ ಲೈನ್ ಮಾರ್ಗ 2023ರ ನವೆಂಬರ್‌ನಲ್ಲಿ ಓಡಲು ಶುರುವಾದ ಮೇಲೆ ಸ್ಟ್ರಾಥರ್ನ್, ಹಾಲಿರೂಡ್, ಬಾನಿ ಡೂನ್‌ನಿಂದ ಡೌನ್‌ಟೌನಿಗೂ ಮಿಲ್ ವುಡ್ಸಿಗೂ ಕಾರಿಲ್ಲದೆ ಹೋಗಬಹುದು. ಆದರೆ ಬೆಳಿಗ್ಗೆ ಐದಕ್ಕೆ ಶಿಫ್ಟು ಶುರುವಾಗುವ ಬಾಡಿಗೆದಾರರಿಗೆ ರೈಲು ತೋರಿಸಿ ಏನು ಪ್ರಯೋಜನ?

ಎಂಟೇ ಯಾಕೆ, ನಾಲ್ಕು ಯಾಕಲ್ಲ? ಉತ್ತರ ಸಾಲದಲ್ಲಿದೆ. ಕೇಂದ್ರದ ವಸತಿ ಸಂಸ್ಥೆ ಸಿಎಂಎಚ್‌ಸಿಯ 'ಎಂಎಲ್‌ಐ ಸೆಲೆಕ್ಟ್' ಅನ್ನುವ ಸಾಲ ವಿಮೆ ಸಿಗೋದು ಐದು ಅಥವಾ ಅದಕ್ಕಿಂತ ಜಾಸ್ತಿ ಬಾಡಿಗೆ ಮನೆಗಳಿದ್ದರೆ ಮಾತ್ರ. ಕಡಿಮೆ ಬಾಡಿಗೆ, ಇಂಧನ ಉಳಿತಾಯ, ಅಂಗವಿಕಲರಿಗೆ ಅನುಕೂಲ, ಈ ಮೂರಕ್ಕೆ ಅಂಕ ಕೊಡುತ್ತಾರೆ. ಅಂಕ ಪೂರ್ತಿ ಬಂದರೆ ಖರ್ಚಿನ 95% ತನಕ ಸಾಲ, ತೀರಿಸೋಕೆ 50 ವರ್ಷ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಸಾಲದ ಕನಿಷ್ಠ 25%ರಷ್ಟು ನಿವ್ವಳ ಆಸ್ತಿ (ಇರುವ ಸಾಲಗಳನ್ನು ಕಳೆದ ಮೇಲೆ ಉಳಿಯುವಷ್ಟು) ನಿಮ್ಮ ಹೆಸರಲ್ಲಿ ಇರಬೇಕು ಅನ್ನೋದನ್ನು ಜಾಹೀರಾತಿನಲ್ಲಿ ಸಣ್ಣಕ್ಷರದಲ್ಲಿ ಹಾಕಿರುತ್ತಾರೆ. ಮೂವತ್ತೈದನೇ ವಯಸ್ಸಿನಲ್ಲಿ ಸಾಲ ತಗೊಂಡವರು 50 ವರ್ಷ ಅಂದರೆ ಎಷ್ಟಕ್ಕೆ ತೀರಿಸ್ತಾರೆ ಅನ್ನೋದನ್ನು ನೀವೇ ಲೆಕ್ಕ ಹಾಕಿ.

ಇನ್ನು ಕಾಗದಪತ್ರ. ಊರಲ್ಲಿ ಸೈಟು ಕೊಳ್ಳುವ ಮುಂಚೆ ಇಸಿ ತೆಗೆಸುತ್ತೀವಲ್ಲ, ಹಾಗೇ ಇಲ್ಲಿ ಲ್ಯಾಂಡ್ ಟೈಟಲ್ ತೆಗೆಸಿ, ಕೊನೆಯ ಸಾಲಿನ ತನಕ ಓದಿ. 'ರಿಸ್ಟ್ರಿಕ್ಟಿವ್ ಕವನೆಂಟ್' ಅಥವಾ 'ಕೇವಿಯಟ್' ಅನ್ನೋ ಪದ ಕಂಡರೆ ನಿಲ್ಲಿ. ಆ ಸೈಟಿನಲ್ಲಿ ಏನು ಕಟ್ಟಬಾರದು ಅಂತ ಟೈಟಲ್ ಮೇಲೇ ಬರೆಸಿಟ್ಟ ಷರತ್ತು ಅದು. ಗ್ಲೆನೋರಾ ಕಡೆ ನೂರು ವರ್ಷಕ್ಕೂ ಹಳೆಯದಾದ ಕ್ಯಾರದರ್ಸ್ ಕೇವಿಯಟ್ ಇವತ್ತೂ ಟೈಟಲ್‌ಗಳ ಮೇಲೆ ಕೂತಿದೆ. ಒಂದು ಸೈಟಿಗೆ ಒಂದೇ ಮನೆ ಅನ್ನುವ ಷರತ್ತು ಅದರದ್ದು. ಈಗ ಬೇರೆ ಬಡಾವಣೆಗಳಲ್ಲೂ ನೆರೆಹೊರೆಯವರು ಒಟ್ಟಾಗಿ ತಮ್ಮ ಸೈಟುಗಳ ಮೇಲೆ ಹೊಸದಾಗಿ ಇಂಥದ್ದನ್ನು ಬರೆಸಿಕೊಳ್ಳುತ್ತಿದ್ದಾರೆ. ನಗರಸಭೆ ಪರ್ಮಿಟ್ ಕೊಡುವಾಗ ನೋಡೋದು ತನ್ನ ಬೈಲಾ ಮಾತ್ರ. ಪರ್ಮಿಟ್ ಕೈಗೆ ಬಂದ ಮೇಲೂ ಆ ಷರತ್ತು ಹಿಡಿದು ಪಕ್ಕದವರು ಕೋರ್ಟಿಗೆ ಹೋಗಬಹುದು. ಒಬ್ಬ ವಕೀಲರಿಗೆ ತೋರಿಸೋದು ಕ್ಷೇಮ.

ಈ ಬೈಲಾ ಕಲ್ಲಿನ ಮೇಲೆ ಕೆತ್ತಿದ್ದಲ್ಲ ಅನ್ನೋದೂ ತಲೆಯಲ್ಲಿರಲಿ. ಎಂಟು ಮನೆ ಜಾಸ್ತಿಯಾಯಿತು ಅಂತ ದೊಡ್ಡ ಗಲಾಟೆಯೇ ನಡೆದಿದೆ. 2025ರ ಬೇಸಿಗೆಯಲ್ಲಿ ದಿನಗಟ್ಟಲೆ ಸಾರ್ವಜನಿಕ ವಿಚಾರಣೆ ನಡೆದು ಕಟ್ಟಡದ ಉದ್ದ, ಪಕ್ಕದ ಬಾಗಿಲುಗಳ ಬಗ್ಗೆ ನಿಯಮ ಬಿಗಿ ಮಾಡಿದರು. ಹಾಗಾಗಿ ಸೈಟಿಗೆ ಅಡ್ವಾನ್ಸ್ ಕೊಡುವ ದಿನ ಯಾವ ನಿಯಮ ಇದೆಯೋ ಅದನ್ನು ನಗರಸಭೆಯ ವೆಬ್‌ಸೈಟಿನಲ್ಲಿ ನೋಡಿ ಅಥವಾ ನಗರಸಭೆಯ ಸಹಾಯವಾಣಿ 311ಕ್ಕೆ ಫೋನ್ ಮಾಡಿ ಕೇಳಿ. ಮೇಲೆ ನಾನು ಬರೆದದ್ದು 2024ರ ಬೈಲಾದ ಲೆಕ್ಕ.

ಬಾಡಿಗೆಗೆ ಹೋಗುವವರಿಗೆ

ನನ್ನ ಹಾಗೆ ಜುಲೈ ಮಧ್ಯಾಹ್ನ ಹೋಗಿ ಮೋಸಹೋಗಬೇಡಿ. ವಾರದ ದಿನ ರಾತ್ರಿ ಒಂಬತ್ತರ ಮೇಲೆ ಆ ರಸ್ತೆಯಲ್ಲಿ ಒಂದು ಸುತ್ತು ನಡೆಯಿರಿ. ಖಾಲಿ ಜಾಗ ಎಣಿಸಿ. ಅಕ್ಕಪಕ್ಕ ಬೇಲಿ ಹಾಕಿ ಗುಂಡಿ ತೋಡಿರುವ ಸೈಟುಗಳಿದ್ದರೆ ಅವನ್ನೂ ಎಣಿಸಿ, ಮುಂದಿನ ವರ್ಷ ಅಲ್ಲೂ ಎಂಟು ಮನೆ ಬರಬಹುದು.

"ಹಿಂದೆ ಸ್ಟಾಲ್ ಇದೆ" ಅಂದರೆ ಯಾರಿಗೆ, ಯಾವ ನಂಬರು ಅಂತ ಕೇಳಿ. ಎಂಟು ಮನೆಗೆ ಮೂರು ಸ್ಟಾಲ್ ಇರುವ ಕಡೆ ಅದನ್ನು ಬೇರೆಯಾಗಿ ಬಾಡಿಗೆಗೆ ಕೊಡೋದು ಮಾಮೂಲು. ಅದರಲ್ಲಿ ತಪ್ಪೂ ಇಲ್ಲ, ಕಾರಿಲ್ಲದವರಿಗೆ ಅಷ್ಟು ಉಳಿತಾಯ. ಆದರೆ ಸ್ಟಾಲಿನ ನಂಬರು, ಪ್ಲಗ್ ಇದೆಯೋ ಇಲ್ಲವೋ, ಹಿಮ ತೆಗೆಯೋದು ಯಾರ ಕೆಲಸ, ಇದೆಲ್ಲ ಲೀಸಿನಲ್ಲಿ ಬರೆದಿರಲಿ. ಬಾಯಿ ಮಾತು ಬೇಡ.

ರಸ್ತೆಯಲ್ಲೇ ನಿಲ್ಲಿಸುವ ಹಾಗಿದ್ದರೆ ಇಷ್ಟು ಗೊತ್ತಿರಲಿ. ಮನೆ ಮುಂದಿನ ರಸ್ತೆ ನಿಮ್ಮದೂ ಅಲ್ಲ, ಪಕ್ಕದ ಮನೆಯವರದ್ದೂ ಅಲ್ಲ. ಬಸವನಗುಡಿಯಲ್ಲೋ ಜಯನಗರದಲ್ಲೋ ಗೇಟಿನ ಮುಂದೆ ಹೂಕುಂಡ, ಕಲ್ಲು ಇಟ್ಟು ಜಾಗ ಹಿಡಿಯುವ ಚಾಳಿ ಇಲ್ಲಿ ನಡೆಯಲ್ಲ. ಹಾಗೇ ಪಕ್ಕದ ಮನೆಯ ಅಜ್ಜಿ ಬಂದು "ಇದು ನನ್ನ ಜಾಗ" ಅಂದರೂ ಅದು ಅವರ ಜಾಗ ಅಲ್ಲ. (ಆದರೂ ಅಜ್ಜಿ ಜೊತೆ ಜಗಳ ಆಡಬೇಡಿ. ಮೈನಸ್ ಮೂವತ್ತರಲ್ಲಿ ಜಂಪರ್ ಕೇಬಲ್ ಕೊಟ್ಟು ನನ್ನ ಕಾರು ಎಬ್ಬಿಸಿದ್ದು ಅಂಥ ಒಬ್ಬ ಅಜ್ಜಿಯೇ.) ಒಂದೇ ಜಾಗದಲ್ಲಿ 72 ಗಂಟೆಗಿಂತ ಜಾಸ್ತಿ ನಿಲ್ಲಿಸುವಂತಿಲ್ಲ. ಊರಿಗೆ ಒಂದು ತಿಂಗಳು ಹೋಗುವಾಗ ಕಾರನ್ನು ರಸ್ತೆಯಲ್ಲಿ ಬಿಟ್ಟು ಹೋದರೆ ವಾಪಸ್ ಬಂದಾಗ ಇರುತ್ತೆ ಅನ್ನೋ ನಂಬಿಕೆ ಬೇಡ. ಬೆಂಕಿ ಆರಿಸುವ ನಲ್ಲಿಯಿಂದ 5 ಮೀಟರ್, ಡ್ರೈವ್‌ವೇಯಿಂದ 1.5 ಮೀಟರ್ ಬಿಡಬೇಕು. ಯೂನಿವರ್ಸಿಟಿ ಸುತ್ತಮುತ್ತದಂಥ ಕೆಲವು ಕಡೆ ಪರ್ಮಿಟ್ ಇದ್ದವರಿಗೆ ಮಾತ್ರ ಜಾಗ.

ಚಳಿಗಾಲದಲ್ಲಿ ಇನ್ನೊಂದಿದೆ, ಪಾರ್ಕಿಂಗ್ ಬ್ಯಾನ್. ಹಿಮ ಜೋರಾಗಿ ಬಿದ್ದಾಗ ನಗರಸಭೆ ಎರಡು ಹಂತದಲ್ಲಿ ಇದನ್ನು ಸಾರುತ್ತೆ. ಮೊದಲ ಹಂತ ದೊಡ್ಡ ರಸ್ತೆ, ಬಸ್ ರಸ್ತೆಗಳಿಗೆ. ಎರಡನೇ ಹಂತ ಮನೆಗಳಿರುವ ಬೀದಿಗಳಿಗೆ. ನಿಮ್ಮ ಬೀದಿಯ ಸರದಿ ಬಂದಾಗ ಕಾರು ಎತ್ತದಿದ್ದರೆ 250 ಡಾಲರ್ ದಂಡ, ಕಾರನ್ನು ಎಳೆದುಕೊಂಡೂ ಹೋಗಬಹುದು. ಎಂಟು ಮನೆಯವರೂ ಅವತ್ತು ಪಕ್ಕದ ಬೀದಿಯಲ್ಲಿ ಜಾಗ ಹುಡುಕುತ್ತಾ ಸುತ್ತೋದನ್ನು ನೋಡಬೇಕು. ನಗರಸಭೆಯ ಎಚ್ಚರಿಕೆ ಈಮೇಲಿಗೆ ಹೆಸರು ಹಾಕಿಸಿಕೊಳ್ಳಿ.

ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿದ್ದರೆ

ಇಲ್ಲಿ ಮನೆ ಕೊಂಡು ನೆಮ್ಮದಿಯಾಗಿದ್ದ ನಮ್ಮವರೂ ಈಗ ಸಿಟ್ಟಾಗಿದ್ದಾರೆ. "ಪಾರ್ಕಿಂಗ್ ಇಲ್ಲದೆ ಎಂಟು ಮನೆ ಹೇಗೆ ಕಟ್ತಾರೆ, ತಡೆಯಬಹುದಾ?" ಅಂತ ಕೇಳುತ್ತಾರೆ. ಪಾರ್ಕಿಂಗ್ ಇಲ್ಲ ಅನ್ನೋ ಒಂದೇ ಕಾರಣಕ್ಕೆ ತಡೆಯೋಕಾಗಲ್ಲ. ಬೈಲಾಗೆ ಪೂರ್ತಿ ಹೊಂದುವ ಯೋಜನೆಗೆ ಕ್ಲಾಸ್ ಎ ಪರ್ಮಿಟ್ ಸಿಗುತ್ತೆ. ಬೈಲಾವನ್ನೇ ತಪ್ಪಾಗಿ ಅರ್ಥಮಾಡಿ ಪರ್ಮಿಟ್ ಕೊಟ್ಟಿದ್ದಾರೆ ಅಂತ ತೋರಿಸಿದರೆ ಬಿಟ್ಟು ಅದರ ಮೇಲೆ ಮೇಲ್ಮನವಿ ನಡೆಯಲ್ಲ. ಯಾವುದಾದರೂ ಅಳತೆಯಲ್ಲಿ ರಿಯಾಯಿತಿ ಕೇಳಿದ್ದರೆ ಅದು ಕ್ಲಾಸ್ ಬಿ. ಆಗ ನಿಮಗೆ ನೋಟಿಸ್ ಬರುತ್ತೆ, 21 ದಿನದೊಳಗೆ ಮೇಲ್ಮನವಿ ಮಂಡಳಿಗೆ ಹೋಗಬಹುದು. ಅಲ್ಲಿ "ನನಗೆ ಕಾರು ನಿಲ್ಲಿಸೋಕೆ ಜಾಗ ಇರಲ್ಲ" ಅನ್ನೋ ಮಾತಿಗಿಂತ, ಕೇಳಿರುವ ರಿಯಾಯಿತಿಯಿಂದ ನಿಮ್ಮ ಕಿಟಕಿಗೆ, ಬಿಸಿಲಿಗೆ ಏನು ತೊಂದರೆ ಅನ್ನೋದನ್ನು ಅಳತೆ ಸಮೇತ ಹೇಳಿ.

ಮತ್ತೆ ಒಂದು ಕೆಲಸ ಇವತ್ತೇ ಮಾಡಿ. ಪಕ್ಕದಲ್ಲಿ ಜೆಸಿಬಿ ಇಳಿಯುವ ಮುಂಚೆ ನಿಮ್ಮ ಬೇಲಿ, ಕಾಂಕ್ರೀಟ್ ದಾರಿ, ಬೇಸ್‌ಮೆಂಟ್ ಗೋಡೆ, ಗಡಿಯ ಹತ್ತಿರದ ಮರಗಳು, ಎಲ್ಲದರ ಫೋಟೋ ತೆಗೆದಿಡಿ, ದಿನಾಂಕ ಕಾಣುವ ಹಾಗೆ. ಗುಂಡಿ ತೋಡಿದ ಮೇಲೆ ಬಿರುಕು ಕಂಡರೆ ಅದು ಹಳೇದೋ ಹೊಸದೋ ಅಂತ ತೋರಿಸೋಕೆ ನಿಮ್ಮ ಹತ್ತಿರ ಬೇರೆ ಏನೂ ಇರಲ್ಲ.